ಲೋಳೆಯಿಂದ ಮುಲಾಮಿಗೆ ಎಷ್ಟು ದೂರ?

ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯಲ್ಲೋ ಸಿಎಂಎಚ್ ರಸ್ತೆಯಲ್ಲೋ ಯಾವುದಾದರೂ ದೊಡ್ಡ ಮೆಡಿಕಲ್ ಶಾಪಿಗೆ ಹೋಗಿ ನೋಡಿ. ಕೆಮ್ಮಿನ ಸಿರಪ್ಪು, ಬಿಪಿ ಮಾತ್ರೆಗಳೆಲ್ಲ ಹಿಂದಿನ ಕಪಾಟಿಗೆ ಸರಿದಿವೆ. ಕಣ್ಣಿಗೆ ಬೀಳುವ ಜಾಗದಲ್ಲಿ ಸೀರಂ ಬಾಟಲಿಗಳ ಸಾಲು. ಅವುಗಳ ನಡುವೆ ಕೊರಿಯಾದಿಂದ ಬಂದ ಒಂದು ಬಾಟಲಿಗೆ ಈಚಿನ ವರ್ಷಗಳಲ್ಲಿ ಭಾರಿ ಬೇಡಿಕೆ: ಸ್ನೇಲ್ ಮ್ಯೂಸಿನ್, ಅಂದರೆ ಬಸವನಹುಳುವಿನ ಲೋಳೆ. ಮೊಡವೆಗೆ ಒಳ್ಳೆಯದಂತೆ, ಕಲೆ ಹೋಗುತ್ತದಂತೆ ಎಂದು ಕಾಲೇಜಿನ ಹುಡುಗ ಹುಡುಗಿಯರು ಕೊಳ್ಳುತ್ತಾರೆ. ಅದೇ ಬಡಾವಣೆಯ ಹಳೆಯ ಮನೆಗಳ ಕಾಂಪೌಂಡಿನಲ್ಲಿ, ಮಳೆ ಹೊಯ್ದ ಮಾರನೆಯ ದಿನ, ಆಫ್ರಿಕಾದ ದೈತ್ಯ ಬಸವನಹುಳುಗಳು ಕುಂಡದಿಂದ ಕುಂಡಕ್ಕೆ ಲೋಳೆಯ ಗೆರೆ ಎಳೆಯುತ್ತಾ ಗಿಡ ಬೋಳಿಸುತ್ತಿರುತ್ತವೆ. ಅಂಗಡಿಯಲ್ಲಿ ಹುಳುವಿನ ಲೋಳೆಗೆ ಸಾವಿರದ ಆಸುಪಾಸು ಬೆಲೆ. ಅಂಗಳದಲ್ಲಿ ಹುಳುವಿಗೆ ಸಿಗುವುದು ಒಂದು ಹಿಡಿ ಉಪ್ಪು.

ಈ ಲೋಳೆಯಲ್ಲಿ ನಿಜಕ್ಕೂ ಏನಾದರೂ ಇದೆಯೇ? ಇದೆ. ಲೋಳೆ, ಜೊಲ್ಲು, ಬೆವರು, ವಿಷ, ಹಾಲು, ಹೀಗೆ ಪ್ರಾಣಿಗಳ ಮೈ ಸ್ರವಿಸುವ ಬಹುಪಾಲು ದ್ರವಗಳಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಪುಟ್ಟ ಪುಟ್ಟ ಪ್ರೋಟೀನ್ ತುಣುಕುಗಳಿವೆ ಎಂಬುದು ಕಳೆದ ನಾಲ್ಕೈದು ದಶಕಗಳಲ್ಲಿ ಗಟ್ಟಿಯಾಗಿ ಸಾಬೀತಾಗಿದೆ. ಈ ತುಣುಕುಗಳಿಗೆ ಪೆಪ್ಟೈಡ್ ಎಂದು ಹೆಸರು. ಅವುಗಳಲ್ಲಿ ಕೆಲವನ್ನು ಮೊಡವೆಯ ಬ್ಯಾಕ್ಟೀರಿಯಾದ ಮೇಲೆಯೇ ಪ್ರಯೋಗಿಸಿ ನೋಡಿದ್ದಾರೆ, ಫಲವೂ ಕಂಡಿದೆ. ಹಾಗಿದ್ದೂ ಪ್ರಾಣಿಗಳಿಂದ ಕಂಡುಕೊಂಡ ಇಂಥ ಒಂದು ಪೆಪ್ಟೈಡ್ ಕೂಡ ಮೊಡವೆಗೆ ಡಾಕ್ಟರು ಚೀಟಿಯಲ್ಲಿ ಬರೆದುಕೊಡುವ ಔಷಧಿಯಾಗಿಲ್ಲ. ಎರಡೂ ಮಾತು ಒಟ್ಟಿಗೇ ನಿಜವಾಗಿರುವುದು ಹೇಗೆ ಎಂಬುದೇ ಇಲ್ಲಿ ಬಿಡಿಸಬೇಕಾದ ಗಂಟು.

ಮೊಡವೆಯೊಳಗೆ ಯಾರಿದ್ದಾರೆ

ಮೊದಲು ಶತ್ರುವಿನ ಪರಿಚಯ. ಹರೆಯದಲ್ಲಿ ಹಾರ್ಮೋನುಗಳು ಏರಿದಾಗ ಮುಖ, ಎದೆ, ಬೆನ್ನಿನ ಎಣ್ಣೆಗ್ರಂಥಿಗಳು ಹಿಗ್ಗಿ ಜಿಡ್ಡು ಸುರಿಸತೊಡಗುತ್ತವೆ. ರೋಮಕೂಪದ ಬಾಯಲ್ಲಿ ಸತ್ತ ಚರ್ಮಕೋಶಗಳು ಉದುರಿ ಹೋಗದೆ ಅಂಟಿಕೊಂಡು ಬಿರಡೆಯಾಗುತ್ತವೆ. ಒಳಗೆ ಎಣ್ಣೆ ತುಂಬಿದೆ, ಗಾಳಿ ಆಡುವುದಿಲ್ಲ. ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಬಾಡಿಗೆ ಮನೆ ಸಿಗಲಾರದು. 2016ರವರೆಗೆ ಇದರ ಹೆಸರು ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನೆಸ್. ಹಳೆಯ ಪುಸ್ತಕಗಳಲ್ಲಿ ಹಾಗೇ ಇದೆ. ಅದು ಎಣ್ಣೆಯನ್ನು ಒಡೆದು ತಿನ್ನುತ್ತದೆ, ದೇಹದ ರಕ್ಷಣಾಪಡೆ ಅದರ ಮೇಲೆ ಏರಿ ಬರುತ್ತದೆ, ಆ ಜಾಗ ಕೆಂಪಾಗಿ ಊದಿಕೊಂಡು ಕೀವಾಗುತ್ತದೆ.

ಇಲ್ಲಿ ಗಮನಿಸಬೇಕಾದ್ದೇನೆಂದರೆ ಈ ಬ್ಯಾಕ್ಟೀರಿಯಾ ಹೊರಗಿನಿಂದ ಬಂದದ್ದಲ್ಲ. ಮೊಡವೆ ಇರುವವರ ಮುಖದಲ್ಲೂ ಇದೆ, ಇಲ್ಲದವರ ಮುಖದಲ್ಲೂ ಇದೆ. ಅದರಲ್ಲಿ ಹಲವು ತಳಿಗಳಿವೆ; ಕೆಲವು ಮೊಡವೆಯ ಜೊತೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ, ಕೆಲವು ತೆಪ್ಪಗೆ ಇದ್ದು ಬೇರೆ ದುಷ್ಟ ಜೀವಿಗಳಿಗೆ ಜಾಗ ಕೊಡದೆ ಚರ್ಮ ಕಾಯುತ್ತವೆ. ಜಿಡ್ಡು, ಬಿರಡೆ, ಬ್ಯಾಕ್ಟೀರಿಯಾ, ಉರಿಯೂತ ಎಂಬ ನಾಲ್ಕೂ ಸೇರಿದರೆ ಮೊಡವೆ. ಬ್ಯಾಕ್ಟೀರಿಯಾ ನಾಲ್ಕರಲ್ಲಿ ಒಂದು ಮಾತ್ರ. ಈ ಲೆಕ್ಕ ನೆನಪಿರಲಿ.

ಹಾಗಾದರೆ ಹೊಸ ಬ್ಯಾಕ್ಟೀರಿಯಾ ನಾಶಕ ಯಾಕೆ ಬೇಕು? ಹಳೆಯವು ಮೊಂಡಾಗುತ್ತಿವೆ ಎಂಬ ಕಾರಣಕ್ಕೆ. ಮೊಡವೆಗೆ ಹಚ್ಚುವ ಕ್ಲಿಂಡಾಮೈಸಿನ್, ಎರಿಥ್ರೊಮೈಸಿನ್‌ಗಳಿಗೆ ಈ ಬ್ಯಾಕ್ಟೀರಿಯಾ ಬಗ್ಗದಿರುವುದು 1979ರಷ್ಟು ಹಿಂದೆಯೇ ಅಮೆರಿಕದಲ್ಲಿ ವರದಿಯಾಗಿತ್ತು. ಆಮೇಲೆ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಕಂಡಿದೆ. ತಿಂಗಳುಗಟ್ಟಲೆ ಮುಖಕ್ಕೆ ಆ್ಯಂಟಿಬಯೋಟಿಕ್ ಹಚ್ಚಿಕೊಂಡರೆ ಆಗುವುದು ಮೊಡವೆಯ ಬ್ಯಾಕ್ಟೀರಿಯಾ ಮೊಂಡಾಗುವುದಷ್ಟೇ ಅಲ್ಲ. ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್‌ನಂಥ ಹೆಚ್ಚು ಅಪಾಯಕಾರಿ ಜೀವಿಗಳೂ ಅದೇ ಪಾಠ ಕಲಿಯುತ್ತವೆ. ಬೇರೆ ದಾರಿಯಲ್ಲಿ ಕೊಲ್ಲುವ ಔಷಧಿ ಬೇಕೆಂದು ಹೊರಟವರ ಕಣ್ಣಿಗೆ ಬಿದ್ದದ್ದು ಪ್ರಾಣಿಗಳ ಲೋಳೆ.

ಹೋರಿ, ಪತಂಗ, ಕಪ್ಪೆ

1922ರಲ್ಲಿ, ಪೆನಿಸಿಲಿನ್‌ಗೆ ಮೊದಲೇ, ಅಲೆಕ್ಸಾಂಡರ್ ಫ್ಲೆಮಿಂಗ್ ಮೂಗಿನ ಸಿಂಬಳದಲ್ಲೂ ಕಣ್ಣೀರಿನಲ್ಲೂ ಬ್ಯಾಕ್ಟೀರಿಯಾ ಕರಗಿಸುವ ಒಂದು ಕಿಣ್ವ ಕಂಡುಹಿಡಿದು ಅದಕ್ಕೆ ಲೈಸೊಜೈಮ್ ಎಂದು ಹೆಸರಿಟ್ಟ. ದೇಹದ ದ್ರವಗಳು ಸುಮ್ಮನೆ ಒದ್ದೆ ಮಾಡುವುದಕ್ಕಲ್ಲ, ಕಾವಲು ಕಾಯುವುದಕ್ಕೂ ಇವೆ ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ.

ಈ ಕತೆಯಲ್ಲಿ ನಮ್ಮ ಪಕ್ಕದ ಹೈದರಾಬಾದಿನ ಪಾತ್ರ ದೊಡ್ಡದು, ಆದರೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅಲ್ಲಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ, ಅಂದರೆ ಸಿಸಿಎಂಬಿ, ಕಟ್ಟಿದ ಪುಷ್ಪ ಭಾರ್ಗವ ಮತ್ತು ಅವರ ಸಹೋದ್ಯೋಗಿ ರೆಡ್ಡಿ 1979ರಲ್ಲಿ ಹೋರಿಯ ವೀರ್ಯದ್ರವದಿಂದ ಸೆಮಿನಲ್‌ಪ್ಲಾಸ್ಮಿನ್ ಎಂಬ ಬ್ಯಾಕ್ಟೀರಿಯಾ ನಿರೋಧಕ ಪ್ರೋಟೀನನ್ನು ಬೇರ್ಪಡಿಸಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಮುಂದೆ ಅದೇ ಕೇಂದ್ರದ ರಾಮಕೃಷ್ಣನ್ ನಾಗರಾಜ್ ಮತ್ತು ಎನ್. ಸೀತಾರಾಮ್ ಇನ್ನೊಂದು ಹೆಜ್ಜೆ ಇಟ್ಟರು. ಇಡೀ ಪ್ರೋಟೀನು ಬೇಕಿಲ್ಲ, ಅದರ ಒಂದು ಚಿಕ್ಕ ತುಂಡಿಗೇ ಕೊಲ್ಲುವ ಶಕ್ತಿ ಇದೆ ಎಂದು ತೋರಿಸಿದರು. ಹೋರಿಯಿಂದ ಪಡೆಯಬೇಕಾದ್ದು ದ್ರವವನ್ನಲ್ಲ, ಅಮೈನೊ ಆಮ್ಲಗಳ ಒಂದು ಚಿಕ್ಕ ಸರಣಿಯನ್ನು ಎಂಬ ಅರಿವು ಅಲ್ಲಿದೆ. ನಾನು ಈ ಅಂಕಣದಲ್ಲಿ ಹೇಳಬೇಕೆಂದಿರುವುದರ ತಿರುಳೂ ಅದೇ.

1981ರಲ್ಲಿ ಸ್ವೀಡನ್ನಿನ ಹಾನ್ಸ್ ಬೋಮನ್ ತಂಡ ಒಂದು ಕಾಡು ರೇಷ್ಮೆ ಪತಂಗದ ಕೋಶಾವಸ್ಥೆಯ ಹುಳುವಿಗೆ ಬ್ಯಾಕ್ಟೀರಿಯಾ ಚುಚ್ಚಿ, ಅದರ ಮೈದ್ರವದಲ್ಲಿ ಹುಟ್ಟಿಕೊಂಡ ಸೆಕ್ರೋಪಿನ್ ಎಂಬ ಪೆಪ್ಟೈಡ್‌ಗಳನ್ನು ಗುರುತಿಸಿತು. ರಾಮನಗರದ ಮಾರುಕಟ್ಟೆಗೆ ಗೂಡು ಕಟ್ಟಿಕೊಡುವ ನಮ್ಮ ರೇಷ್ಮೆಹುಳುವಿನ ಮೈಯಲ್ಲೂ ಇದೇ ಬಗೆಯ ಪೆಪ್ಟೈಡ್‌ಗಳಿವೆ. 1987ರಲ್ಲಿ ಅಮೆರಿಕದ ಮೈಕೆಲ್ ಝಾಸ್ಲಾಫ್ ಕಪ್ಪೆಯ ಕಡೆಯಿಂದ ಬಂದರು. ಝೆನೊಪಸ್ ಎಂಬ ಆಫ್ರಿಕಾದ ಕಪ್ಪೆಗಳ ಹೊಟ್ಟೆ ಕೊಯ್ದು, ಮೊಟ್ಟೆ ತೆಗೆದು, ಹೊಲಿದು, ಮತ್ತೆ ಕೊಳಕು ನೀರಿನ ತೊಟ್ಟಿಗೇ ಬಿಡುತ್ತಿದ್ದರು. ಗಾಯ ಕೀವಾಗದೆ ಮಾಯುತ್ತಿತ್ತು. ಯಾಕೆ ಎಂದು ಹುಡುಕಿದಾಗ ಚರ್ಮದಲ್ಲಿ ತಲಾ 23 ಅಮೈನೊ ಆಮ್ಲಗಳ ಎರಡು ಪೆಪ್ಟೈಡ್‌ಗಳು ಸಿಕ್ಕವು. ಮಗೈನಿನ್ ಎಂದು ಹೆಸರಿಟ್ಟರು. ಅಲ್ಲಿಂದ ಮುಂದೆ ಪ್ರಪಂಚದ ಕಪ್ಪೆಗಳಿಗೆಲ್ಲ ಪ್ರಯೋಗಾಲಯದ ಕರೆ ಬಂತು.

ಇವು ಕೊಲ್ಲುವ ಬಗೆ ಹೇಗೆ? ಸಾಮಾನ್ಯ ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾದ ಒಳಗಿನ ಒಂದು ನಿರ್ದಿಷ್ಟ ಯಂತ್ರಕ್ಕೆ ಕೈ ಹಾಕುತ್ತದೆ. ಆ ಯಂತ್ರದ ಆಕಾರವನ್ನು ಸ್ವಲ್ಪ ಬದಲಿಸಿಕೊಂಡರೆ ಬ್ಯಾಕ್ಟೀರಿಯಾ ಪಾರು. ಈ ಪೆಪ್ಟೈಡ್‌ಗಳಲ್ಲಿ ಹೆಚ್ಚಿನವು ಹೊರಪೊರೆಯ ಮೇಲೇ ಬೀಳುತ್ತವೆ. ಬ್ಯಾಕ್ಟೀರಿಯಾದ ಪೊರೆಯ ಹೊರಮೈ ಋಣ ವಿದ್ಯುದಂಶದ್ದು, ಪೆಪ್ಟೈಡ್ ಧನ ವಿದ್ಯುದಂಶದ್ದು; ಎರಡೂ ಸೆಳೆದುಕೊಳ್ಳುತ್ತವೆ. ಪೆಪ್ಟೈಡ್‌ನ ಒಂದು ಬದಿ ನೀರನ್ನು ಬಯಸುತ್ತದೆ, ಇನ್ನೊಂದು ಬದಿ ಕೊಬ್ಬನ್ನು. ಜಿಡ್ಡು ಪಾತ್ರೆಯ ಮೇಲೆ ಸೋಪಿನ ನೀರು ಕೆಲಸ ಮಾಡಿದ ಹಾಗೆ ಅದು ಪೊರೆಯೊಳಗೆ ನುಗ್ಗಿ ತೂತು ಕೊರೆಯುತ್ತದೆ. ಒಳಗಿನದೆಲ್ಲ ಹೊರಗೆ ಸೋರಿ ಬ್ಯಾಕ್ಟೀರಿಯಾ ಸಾಯುತ್ತದೆ. ನಮ್ಮ ಕೋಶಗಳ ಹೊರಮೈಗೆ ಅಂಥ ಋಣ ವಿದ್ಯುದಂಶ ಹೆಚ್ಚಿಲ್ಲ, ಜೊತೆಗೆ ಕೊಲೆಸ್ಟರಾಲ್ ಸೇರಿ ಪೊರೆ ಗಟ್ಟಿಯಾಗಿದೆ. ಹಾಗಾಗಿ ಒಂದು ಮಿತಿಯವರೆಗೆ ನಾವು ಬಚಾವು. ಮಿತಿ ಎಂಬ ಮಾತು ಮುಂದೆ ಮತ್ತೆ ಬರುತ್ತದೆ.

ನಮ್ಮ ಘಟ್ಟದ ಕಪ್ಪೆಗಳು

ಪಶ್ಚಿಮ ಘಟ್ಟದ ಕಪ್ಪೆಗಳ ಚರ್ಮದ ಪೆಪ್ಟೈಡ್‌ಗಳನ್ನು ಹೆಚ್ಚು ಶ್ರದ್ಧೆಯಿಂದ ಹುಡುಕಿದ್ದು ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರ. ಘಟ್ಟದಲ್ಲಿ ಮಾತ್ರ ಕಾಣುವ ಇಬ್ಬಣ್ಣದ ಕಪ್ಪೆ ಕ್ಲೈನೊಟಾರ್ಸಸ್ ಕರ್ಟಿಪೆಸ್‌ನ ಚರ್ಮದ ದ್ರವದಿಂದ ಅಲ್ಲಿನವರು ಹೊಸ ಬ್ಯಾಕ್ಟೀರಿಯಾ ನಿರೋಧಕ ಪೆಪ್ಟೈಡ್‌ಗಳನ್ನು ಬೇರ್ಪಡಿಸಿದ್ದಾರೆ. ಮಲೆನಾಡು, ಕೊಡಗಿನ ಕಾಡುಗಳಲ್ಲೂ ಇರುವ ಕಪ್ಪೆ ಇದು. ದ್ರವ ಪಡೆಯಲು ಈಗ ಕಪ್ಪೆಯನ್ನು ಕೊಲ್ಲಬೇಕಿಲ್ಲ. ಬೆನ್ನಿಗೆ ಸಣ್ಣದೊಂದು ವಿದ್ಯುತ್ ಸ್ಪರ್ಶ ಕೊಟ್ಟರೆ ಚರ್ಮದ ಗ್ರಂಥಿಗಳು ದ್ರವ ಬಿಡುತ್ತವೆ. ಅದನ್ನು ನೀರಿನಲ್ಲಿ ತೊಳೆದುಕೊಂಡು ಕಪ್ಪೆಯನ್ನು ಹಿಡಿದ ಜಾಗದಲ್ಲೇ ಬಿಟ್ಟು ಬರಬಹುದು.

ಈ ಕೇಂದ್ರ ಮತ್ತು ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ಸೇರಿ 2017ರಲ್ಲಿ ಪ್ರಕಟಿಸಿದ ಸಂಶೋಧನೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಹೈಡ್ರೊಫೈಲಾಕ್ಸ್ ಬಹುವಿಸ್ತಾರ ಎಂಬ ಕಪ್ಪೆಯ ಒಂದು ಪೆಪ್ಟೈಡ್ ಎಚ್1 ಬಗೆಯ ಫ್ಲೂ ವೈರಸ್ಸನ್ನು ಒಡೆದು ಹಾಕುತ್ತದೆ ಎಂದು ಅದು ತೋರಿಸಿತು. ಕೇರಳದ ಬಳುಕುವ ಕತ್ತಿ ಉರುಮಿಯ ನೆನಪಿಗೆ ಉರುಮಿನ್ ಎಂದು ಹೆಸರಿಟ್ಟರು. ಆ ಸುದ್ದಿಯಲ್ಲಿ ಹೆಚ್ಚು ಜನ ಗಮನಿಸದೆ ಬಿಟ್ಟ ಅಂಶ ಬೇರೆ ಇದೆ. ಅವರು ಜರಡಿ ಹಿಡಿದದ್ದು 32 ಪೆಪ್ಟೈಡ್‌ಗಳನ್ನು. ಫ್ಲೂ ವೈರಸ್ಸಿನ ಮೇಲೆ ಕೆಲಸ ಮಾಡಿದ್ದು ನಾಲ್ಕು. ಆ ನಾಲ್ಕರಲ್ಲಿ ಮನುಷ್ಯರ ಕೆಂಪು ರಕ್ತಕಣಗಳನ್ನು ಹಾಳು ಮಾಡದೆ ಉಳಿದದ್ದು ಉರುಮಿನ್ ಒಂದೇ. ಕೊಲ್ಲುವುದು ಕಷ್ಟವಲ್ಲ, ಕೊಲ್ಲಬೇಕಾದ್ದನ್ನು ಮಾತ್ರ ಕೊಲ್ಲುವುದು ಕಷ್ಟ.

ಹಾವಿನ ವಿಷ, ನಮ್ಮದೇ ಬೆವರು

ಮೊಡವೆಗೇ ಎಂದು ಹೊರಟ ಹುಡುಕಾಟದಲ್ಲಿ ಅತ್ಯಂತ ಸ್ಪಷ್ಟವಾದ ಉದಾಹರಣೆ ಹಾವಿನದು. ನಮ್ಮ ಕಟ್ಟುಹಾವಿನ ಹತ್ತಿರದ ಬಂಧು, ಹಳದಿ ಕಪ್ಪು ಪಟ್ಟೆಗಳ ಬ್ಯಾಂಡೆಡ್ ಕ್ರೇಟ್. ಚೀನಾದ ವಿಜ್ಞಾನಿಗಳು ಅದರ ವಿಷದಲ್ಲಿ 30 ಅಮೈನೊ ಆಮ್ಲಗಳ ಒಂದು ಪೆಪ್ಟೈಡ್ ಕಂಡುಕೊಂಡರು. ಅದು ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವುದಷ್ಟೇ ಅಲ್ಲ, ಉರಿಯೂತವನ್ನೂ ತಗ್ಗಿಸುತ್ತದೆ ಎಂದು 2011ರಲ್ಲಿ ವರದಿ ಮಾಡಿದರು. 2013ರಲ್ಲಿ ಅದನ್ನೇ ಕತ್ತರಿಸಿ ತಿದ್ದಿ 15 ಅಮೈನೊ ಆಮ್ಲಗಳ ಎಲ್‌ಝಡ್1 ಎಂಬ ಪುಟ್ಟ ಪೆಪ್ಟೈಡ್ ಮಾಡಿದರು. ಇಲಿಯ ಕಿವಿಗೆ ಮೊಡವೆಯ ಬ್ಯಾಕ್ಟೀರಿಯಾ ಚುಚ್ಚಿ ಊದಿಸಿ, ಇದನ್ನು ಹಚ್ಚಿ ಊತ ಇಳಿಯುವುದನ್ನು ತೋರಿಸಿದರು. ಉದ್ದ ಅರ್ಧಕ್ಕೆ ಇಳಿದರೆ ತಯಾರಿಕೆಯ ಖರ್ಚೂ ಇಳಿಯುತ್ತದೆ. ಆದರೆ ಇಲಿಯ ಕಿವಿಗೂ ಹದಿನೇಳರ ಹುಡುಗಿಯ ಕೆನ್ನೆಗೂ ಬಹಳ ವ್ಯತ್ಯಾಸ. ಇಲಿಗಳಿಗೆ ಮೊಡವೆ ತಾನಾಗಿ ಆಗುವುದೇ ಇಲ್ಲ.

ಪ್ರಾಣಿಗಳ ಮಾತು ಬಂದಾಗ ಮನುಷ್ಯನನ್ನು ಹೊರಗಿಡಬೇಕಿಲ್ಲ. 2001ರಲ್ಲಿ ಜರ್ಮನಿಯ ವಿಜ್ಞಾನಿಗಳು ನಮ್ಮ ಬೆವರಿನಲ್ಲಿ ಡರ್ಮಿಸಿಡಿನ್ ಎಂಬ ಪೆಪ್ಟೈಡ್ ಗುರುತಿಸಿದರು. ಮೊಡವೆ ಇರುವವರ ಬೆವರಿನಲ್ಲಿ ಅದು ಕಡಿಮೆ ಎಂದು 2015ರಲ್ಲಿ ಜಪಾನಿನ ತಂಡವೊಂದು ವರದಿ ಮಾಡಿತು. ಜೊಲ್ಲಿನಲ್ಲಿ ಲೈಸೊಜೈಮ್ ಇದೆ, ಹಿಸ್ಟಾಟಿನ್ ಇದೆ, ಎಲ್‌ಎಲ್-37 ಎಂಬ ಇನ್ನೊಂದು ಪೆಪ್ಟೈಡ್ ಇದೆ. ಬೆಳಿಗ್ಗೆ ಎದ್ದವಳು ಬಾಯಿ ಮುಕ್ಕಳಿಸುವ ಮೊದಲು ಮೊಡವೆಗೆ ಉಗುಳು ಹಚ್ಚಿಕೋ ಎಂದು ಅಜ್ಜಿಯರು ಹೇಳುವುದುಂಟು. ಆ ಮಾತಿಗೆ ರಸಾಯನಶಾಸ್ತ್ರದ ಒಂದು ಎಳೆ ಇಲ್ಲದಿಲ್ಲ. ಆದರೆ ಉಗುಳಿನಲ್ಲಿ ಇವುಗಳ ಪ್ರಮಾಣ ತೀರಾ ಕಡಿಮೆ, ಹಚ್ಚಿದ್ದು ನಿಮಿಷದಲ್ಲಿ ಆರಿಹೋಗುತ್ತದೆ, ರೋಮಕೂಪದ ಎಣ್ಣೆಯೊಳಕ್ಕೆ ಇಳಿಯುವುದಿಲ್ಲ. ಮೇಲಾಗಿ ರಾತ್ರಿಯಿಡೀ ಮುಚ್ಚಿದ ಬಾಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಸಂತೆಯೂ ಅದರ ಜೊತೆಗೇ ಕೆನ್ನೆ ಏರುತ್ತದೆ. ಒಡೆದ ಮೊಡವೆಯ ಮೇಲಂತೂ ಬೇಡವೇ ಬೇಡ.

ಇಷ್ಟರ ಜೊತೆ ಒಂದು ಎಚ್ಚರಿಕೆ. ಚರ್ಮಕ್ಕೆ ಇಂಥ ಪೆಪ್ಟೈಡ್ ಹೆಚ್ಚಾದಷ್ಟೂ ಒಳ್ಳೆಯದು ಎಂದೇನಿಲ್ಲ. ರೊಸೇಶಿಯ ಎಂಬ, ಕೆನ್ನೆ ಮೂಗು ಕೆಂಪಾಗಿ ಉರಿಯುವ ಕಾಯಿಲೆಯಲ್ಲಿ ಎಲ್‌ಎಲ್-37 ಮತ್ತು ಅದರ ತುಂಡುಗಳು ಅತಿಯಾಗಿರುತ್ತವೆ, ಉರಿಯೂತಕ್ಕೆ ಅವೇ ಕುಮ್ಮಕ್ಕು ಕೊಡುತ್ತವೆ ಎಂದು ಅಮೆರಿಕದ ಸಂಶೋಧಕರು 2007ರಲ್ಲಿ ತೋರಿಸಿದ್ದಾರೆ. ಕಾವಲುಗಾರನೇ ಕೂಗಾಡಿ ಮನೆಮಂದಿಯನ್ನೆಲ್ಲ ಎಬ್ಬಿಸುವ ಸಂದರ್ಭವೂ ಉಂಟು.

ದಾರಿಯಲ್ಲಿ ಸಿಕ್ಕಿಬಿದ್ದದ್ದು ಎಲ್ಲಿ

ಈಗ ಮೊದಲಿನ ಗಂಟಿಗೆ ಬರೋಣ. ಪೆಪ್ಟೈಡ್ ಸಿಕ್ಕಿದೆ, ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸಾಯುತ್ತಿದೆ. ಮುಲಾಮು ಯಾಕಾಗಲಿಲ್ಲ?

ಮೊದಲ ಅಡ್ಡಿ ಚರ್ಮವೇ. 500 ಡಾಲ್ಟನ್‌ಗಿಂತ ಭಾರದ ಅಣು ಆರೋಗ್ಯವಂತ ಚರ್ಮವನ್ನು ದಾಟುವುದು ಕಷ್ಟ ಎಂಬುದು ಚರ್ಮವೈದ್ಯರು ಬಳಸುವ ಒಂದು ಸ್ಥೂಲ ಲೆಕ್ಕ. ಮಗೈನಿನ್‌ನ ತೂಕ 2,400 ಡಾಲ್ಟನ್‌ಗೂ ಹೆಚ್ಚು. ರೋಮಕೂಪದ ಬಾಯಿಯ ಮೂಲಕ ಇಳಿಸೋಣವೆಂದರೆ ಮೊಡವೆಯಲ್ಲಿ ಮುಚ್ಚಿರುವುದೇ ಆ ಬಾಯಿ. ಇಳಿದರೂ ಒಳಗೆ ಎಣ್ಣೆ. ನೀರಿನಲ್ಲಿ ಕರಗುವ, ವಿದ್ಯುದಂಶವುಳ್ಳ ಪೆಪ್ಟೈಡ್‌ಗೆ ಅದು ಒಗ್ಗುವ ಜಾಗವಲ್ಲ. ಬ್ಯಾಕ್ಟೀರಿಯಾಗಳೋ ಬಿಡಿಬಿಡಿಯಾಗಿ ಇರುವುದಿಲ್ಲ. ತಾವೇ ಸ್ರವಿಸಿದ ಅಂಟಿನ ಪದರದೊಳಗೆ ಒತ್ತಾಗಿ ಕೂತಿರುತ್ತವೆ.

ಎರಡನೆಯದು ಆಯಸ್ಸು. ಚರ್ಮದ ಮೇಲೂ ಕೀವಿನಲ್ಲೂ ಪ್ರೋಟೀನು ಕತ್ತರಿಸುವ ಕಿಣ್ವಗಳಿವೆ. ಅವುಗಳಿಗೆ ಕಪ್ಪೆಯ ಪೆಪ್ಟೈಡ್ ಆದರೇನು, ಹಾವಿನದಾದರೇನು? ಬೆವರಿನ ಉಪ್ಪು ಸೇರಿದರೆ ಎಷ್ಟೋ ಪೆಪ್ಟೈಡ್‌ಗಳ ವಿದ್ಯುತ್ ಸೆಳೆತವೇ ಕುಂದುತ್ತದೆ. ಹೆಚ್ಚು ಹೆಚ್ಚು ಹಾಕೋಣವೆಂದರೆ ಆಗ ನಮ್ಮ ಕೋಶಗಳ ಮಿತಿ ಅಡ್ಡ ಬರುತ್ತದೆ. ಜೇನಿನ ವಿಷದ ಮೆಲಿಟಿನ್ ಒಳ್ಳೆಯ ಬ್ಯಾಕ್ಟೀರಿಯಾ ನಾಶಕ, ಅಷ್ಟೇ ಒಳ್ಳೆಯ ರಕ್ತಕಣ ನಾಶಕ. ಜೇನು ಕಚ್ಚಿದಾಗಿನ ಉರಿಗೆ ಅದೇ ಮುಖ್ಯ ಕಾರಣ.

ಮೂರನೆಯದು ಹಣ, ಮತ್ತು ಹಳೆಯ ಔಷಧಿಯ ಜೊತೆಗಿನ ಪೈಪೋಟಿ. ಮಗೈನಿನ್ ತಿದ್ದಿ ಮಾಡಿದ ಪೆಕ್ಸಿಗನಾನ್ ಮುಲಾಮು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆಂದು ದೊಡ್ಡ ಪರೀಕ್ಷೆಗಳವರೆಗೂ ಹೋಯಿತು. ಆಗಲೇ ಇದ್ದ ಆ್ಯಂಟಿಬಯೋಟಿಕ್ ಮಾತ್ರೆಗಿಂತ ಇದು ಮೇಲು ಎಂದು ಸಾಬೀತಾಗಲಿಲ್ಲ. 1999ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಡಲಿಲ್ಲ. ಹಸುವಿನ ಬಿಳಿರಕ್ತಕಣದ ಇಂಡೋಲಿಸಿಡಿನ್ ಮಾದರಿಯಲ್ಲಿ ಮಾಡಿದ ಒಮಿಗನಾನ್ ಅನ್ನು ಮೊಡವೆ ಇರುವ ಮನುಷ್ಯರ ಮೇಲೇ ಪರೀಕ್ಷಿಸಿದರು. ಅದೂ ಅಂಗಡಿಯವರೆಗೆ ಬಂದಿಲ್ಲ.

ಮೊಡವೆಗೆ ಹೊಸ ಔಷಧಿ ತರುವವರ ಎದುರು ನಿಂತಿರುವ ಪ್ರತಿಸ್ಪರ್ಧಿ ಬೆನ್ಜಾಯಿಲ್ ಪೆರಾಕ್ಸೈಡ್. ಅಗ್ಗದ ಟ್ಯೂಬು. ಅದು ಆಮ್ಲಜನಕದ ಚುರುಕು ಕಣಗಳನ್ನು ಬಿಟ್ಟು ಗಾಳಿಯಿಲ್ಲದ ಜಾಗದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಸ್ವಲ್ಪ ಮಟ್ಟಿಗೆ ಬಿರಡೆಯನ್ನೂ ಸಡಿಲಿಸುತ್ತದೆ. ದಶಕಗಟ್ಟಲೆ ಬಳಸಿದರೂ ಅದಕ್ಕೆ ಮೊಂಡಾದ ಬ್ಯಾಕ್ಟೀರಿಯಾ ಕಂಡುಬಂದಿಲ್ಲ. ಕಪ್ಪೆಯ ಪೆಪ್ಟೈಡ್ ಇದನ್ನು ಮೀರಿಸಬೇಕು, ಅಥವಾ ಇದರಷ್ಟೇ ಕೆಲಸವನ್ನು ಕಡಿಮೆ ಉರಿಯಲ್ಲಿ ಮಾಡಬೇಕು. ಆಗಲೇ ಕಂಪನಿಗಳು ಹಣ ಹೂಡುವುದು.

ನಾಲ್ಕನೆಯದು ಅತಿಯಾದ ಭರವಸೆ. ಪೆಪ್ಟೈಡ್‌ಗೆ ಬ್ಯಾಕ್ಟೀರಿಯಾ ಮೊಂಡಾಗುವುದೇ ಇಲ್ಲ ಎಂದು ಮೊದಮೊದಲು ಹೇಳುತ್ತಿದ್ದರು. 2006ರಲ್ಲಿ ಝಾಸ್ಲಾಫ್ ಅವರೇ ಭಾಗಿಯಾಗಿದ್ದ ಪ್ರಯೋಗದಲ್ಲಿ ಬ್ಯಾಕ್ಟೀರಿಯಾಗಳನ್ನು ಆರೇಳು ನೂರು ತಲೆಮಾರು ಪೆಕ್ಸಿಗನಾನ್ ಜೊತೆ ಬೆಳೆಸಿದಾಗ ಅವು ಅದನ್ನೂ ತಾಳಿಕೊಂಡವು. ನಿಧಾನವಾಗಿ ಮೊಂಡಾಗುತ್ತವೆ ಎನ್ನುವುದು ನಿಜ. ಆಗುವುದೇ ಇಲ್ಲ ಎನ್ನುವುದು ಸುಳ್ಳು.

ಕೊನೆಯ ಅಡ್ಡಿ ಮೊದಲೇ ಹೇಳಿದ ಲೆಕ್ಕ. ಬ್ಯಾಕ್ಟೀರಿಯಾ ನಾಲ್ಕರಲ್ಲಿ ಒಂದು. ಜೇನುತುಪ್ಪದಲ್ಲಿ ಡಿಫೆನ್ಸಿನ್ ಎಂಬ ಜೇನಿನ ಪೆಪ್ಟೈಡ್ ಇದೆ, ಸಕ್ಕರೆಯ ಸಾಂದ್ರತೆ ಇದೆ, ಹೈಡ್ರೊಜನ್ ಪೆರಾಕ್ಸೈಡ್ ಇದೆ. ಗಾಯಕ್ಕೆ ಹಚ್ಚುವ ಪದ್ಧತಿ ಎಲ್ಲ ಕಡೆ ಇದೆ. ನ್ಯೂಜಿಲೆಂಡಿನಲ್ಲಿ 136 ಮಂದಿ ಮೊಡವೆ ರೋಗಿಗಳ ಮೇಲೆ ಕಾನುಕ ಎಂಬ ಗಿಡದ ಜೇನನ್ನು ಮುಲಾಮಾಗಿ ಹಚ್ಚಿ ಕ್ರಮಬದ್ಧ ಪರೀಕ್ಷೆ ಮಾಡಿದರು. ಬರೀ ಸಾಬೂನಿಗಿಂತ ಅದು ಹೆಚ್ಚು ಕೆಲಸ ಮಾಡಿತು ಎನ್ನುವುದಕ್ಕೆ ಆಧಾರ ಸಿಗಲಿಲ್ಲ ಎಂದು 2016ರಲ್ಲಿ ಪ್ರಕಟಿಸಿದರು. ತಟ್ಟೆಯಲ್ಲಿ ಕೊಲ್ಲುವುದೆಲ್ಲ ಕೆನ್ನೆಯಲ್ಲಿ ಕೆಲಸ ಮಾಡಬೇಕೆಂದಿಲ್ಲ.

ಬಾಟಲಿಯಲ್ಲಿರುವುದು ಏನು

ಬಸವನಹುಳುವಿನ ಲೋಳೆಯನ್ನೂ ಈ ಅಳತೆಗೋಲಿನಲ್ಲಿ ನೋಡಬೇಕು. ನಮ್ಮ ತೋಟ ತಿನ್ನುವ ಆಫ್ರಿಕಾದ ಹುಳುವಿನ ಲೋಳೆಯಲ್ಲಿ ಅಕಾಸಿನ್ ಎಂಬ ಬ್ಯಾಕ್ಟೀರಿಯಾ ನಾಶಕ ಪ್ರೋಟೀನನ್ನು ಜಪಾನಿನವರು 1980ರ ದಶಕದಲ್ಲೇ ವಿವರಿಸಿದ್ದರು. ಅದು ಪುಟ್ಟ ಪೆಪ್ಟೈಡ್ ಅಲ್ಲ, ದೊಡ್ಡ ಕಿಣ್ವ. ಹೈಡ್ರೊಜನ್ ಪೆರಾಕ್ಸೈಡ್ ತಯಾರಿಸಿ ಕೊಲ್ಲುತ್ತದೆ. ಆದರೆ ಸೌಂದರ್ಯವರ್ಧಕಗಳಿಗೆ ಸಾಮಾನ್ಯವಾಗಿ ಬಳಸುವುದು ಬೇರೆ ಜಾತಿ, ಯೂರೋಪಿನ ತೋಟದ ಬಸವನಹುಳು. ಲೋಳೆಯನ್ನು ಸೋಸಿ, ಶುದ್ಧಿ ಮಾಡಿ, ತಿಂಗಳುಗಟ್ಟಲೆ ಕೆಡದಂತೆ ಬಾಟಲಿಗೆ ತುಂಬುತ್ತಾರೆ. ಲೇಬಲ್ ಓದಿ ನೋಡಿ: ಹೆಚ್ಚಿನವುಗಳಲ್ಲಿ ಫಿನಾಕ್ಸಿಎಥನಾಲ್‌ನಂಥ ಸಂರಕ್ಷಕ ಇರುತ್ತದೆ. ಬಾಟಲಿಯೊಳಗೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯದಂತೆ ತಡೆಯಲು ಲೋಳೆಗೇ ಇನ್ನೊಬ್ಬರ ಸಹಾಯ ಬೇಕಾಗಿದೆ. ಲೋಳೆ ಚರ್ಮಕ್ಕೆ ತೇವ ಹಿಡಿದಿಡುತ್ತದೆ, ನಿಜ. ತೇವ ಬೇರೆ, ಔಷಧಿ ಬೇರೆ.

ಅದರ ಪಕ್ಕದಲ್ಲೇ ಇರುವ ಪೆಪ್ಟೈಡ್ ಸೀರಂ ನೋಡಿ ಮೋಸ ಹೋಗುವುದು ಇನ್ನೂ ಸುಲಭ. ಅವುಗಳಲ್ಲಿರುವುದು ಸಾಮಾನ್ಯವಾಗಿ ಸುಕ್ಕಿಗೆಂದು ಹಾಕುವ, ಚರ್ಮಕೋಶಗಳಿಗೆ ಕೊಲಾಜೆನ್ ತಯಾರಿಸಲು ಸೂಚನೆ ಕೊಡುತ್ತವೆ ಎನ್ನಲಾಗುವ ಪೆಪ್ಟೈಡ್‌ಗಳು. ಬ್ಯಾಕ್ಟೀರಿಯಾಕ್ಕೂ ಅವಕ್ಕೂ ಸಂಬಂಧವಿಲ್ಲ. ಹೆಸರು ಒಂದೇ, ಕಸುಬು ಬೇರೆ. ಸೌಂದರ್ಯವರ್ಧಕವೆಂದು ಮಾರುವ ವಸ್ತು ಕಾಯಿಲೆ ವಾಸಿ ಮಾಡುತ್ತದೆ ಎಂದು ಔಷಧಿಯ ಹಾಗೆ ಸಾಬೀತು ಮಾಡಿ ತೋರಿಸಬೇಕಿಲ್ಲ. ಲೇಬಲ್ಲಿನ ಮೇಲೆ ಮೊಡವೆ ವಾಸಿಯಾಗುತ್ತದೆ ಎಂದು ನೇರವಾಗಿ ಬರೆಯದೆ ಸುತ್ತಿ ಬಳಸಿ ಹೇಳುವುದು ಅದಕ್ಕೇ.

ಯಾರಾದರೂ ಮಿತವ್ಯಯಿಗಳು ಕುಂಡದ ಹುಳುವನ್ನೇ ಮುಖದ ಮೇಲೆ ಹರಿಸಿಕೊಂಡರಾಯಿತು ಎಂದು ಯೋಚಿಸುವ ಮೊದಲು ಹೇಳಿಬಿಡುತ್ತೇನೆ. ಈ ಆಫ್ರಿಕಾದ ಹುಳು 1847ರಲ್ಲಿ ಬೆನ್ಸನ್ ಎಂಬವನು ಮಾರಿಷಸ್ಸಿನಿಂದ ತಂದು ಕಲ್ಕತ್ತೆಯ ತೋಟದಲ್ಲಿ ಬಿಟ್ಟ ಮೇಲೆ ದೇಶವೆಲ್ಲ ಹಬ್ಬಿದ್ದು. ಇಲಿಯ ಶ್ವಾಸಕೋಶದಲ್ಲಿರುವ ಒಂದು ಜಂತುವಿನ ಮರಿಗಳನ್ನು ಇದು ಹೊತ್ತು ತಿರುಗುತ್ತದೆ; ಅವು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಯ ಉರಿಯೂತ ತರಬಲ್ಲವು. ಬರಿಗೈಯಲ್ಲಿ ಮುಟ್ಟಲೂಬಾರದು. ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಬೇಕು.

ಕಪ್ಪೆ ಬೇಡ, ಅದರ ನಕ್ಷೆ ಸಾಕು

ಪ್ರಾಣಿಯ ದ್ರವದಿಂದ ಔಷಧಿ ಆಗುವುದೇ ಇಲ್ಲವೆಂದೇನೂ ಅಲ್ಲ. ಆದವು ಹೇಗಾದವು ಎಂದು ನೋಡಬೇಕು. ಕಡಲಿನ ಕೋನ್ ಬಸವನಹುಳುವಿನ ವಿಷದಿಂದ ಬಂದ ಝೈಕೊನೊಟೈಡ್ ಎಂಬ ನೋವುನಿವಾರಕಕ್ಕೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೀಲಾ ಮಾನ್‌ಸ್ಟರ್ ಎಂಬ ಹಲ್ಲಿಯ ಜೊಲ್ಲಿನಿಂದ ಕಂಡುಕೊಂಡ ಎಕ್ಸೆನಟೈಡ್ 2005ರಲ್ಲಿ ಸಕ್ಕರೆ ಕಾಯಿಲೆಗೆ ಬಂತು. ಎರಡರಲ್ಲೂ ಇವತ್ತು ಯಾವ ಹುಳುವಿನ ವಿಷವೂ ಇಲ್ಲ, ಹಲ್ಲಿಯ ಜೊಲ್ಲೂ ಇಲ್ಲ. ಪ್ರಾಣಿಯಿಂದ ಪಡೆದದ್ದು ಅಮೈನೊ ಆಮ್ಲಗಳ ಸರಣಿ. ಔಷಧಿಯನ್ನು ಕಟ್ಟಿದ್ದು ಕಾರ್ಖಾನೆಯಲ್ಲಿ. ಹಾಗೆ ಒಂದೊಂದೇ ಅಮೈನೊ ಆಮ್ಲ ಪೋಣಿಸುವ ವಿಧಾನವನ್ನು 1963ರಲ್ಲಿ ಕೊಟ್ಟ ಬ್ರೂಸ್ ಮೆರಿಫೀಲ್ಡ್‌ಗೆ 1984ರ ನೊಬೆಲ್ ಬಂತು.

ಈ ಕೆಲಸದಲ್ಲಿ ಬೆಂಗಳೂರಿನ ಕೈ ಪಳಗಿದೆ. ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಪಿ. ಬಲರಾಮ್ ದಶಕಗಳ ಕಾಲ ಪೆಪ್ಟೈಡ್‌ಗಳ ರಚನೆಯನ್ನೇ ಅಧ್ಯಯನ ಮಾಡಿದವರು. ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನ ಕೆ.ಎಸ್. ಕೃಷ್ಣನ್ ಅವರೊಂದಿಗೆ ನಮ್ಮ ಕರಾವಳಿಯ ಕೋನ್ ಬಸವನಹುಳುಗಳ ವಿಷದ ಪೆಪ್ಟೈಡ್‌ಗಳನ್ನೂ ಬಿಡಿಸಿ ನೋಡಿದರು. ಭಾರತೀಯ ವಿಜ್ಞಾನ ಸಂಸ್ಥೆಯವರೇ ಆದ ದೀಪೇಶ್ ನಾಗರಾಜನ್, ನಾಗಸುಮಾ ಚಂದ್ರ ಮತ್ತು ಸಂಗಡಿಗರು 2019ರಲ್ಲಿ ಇನ್ನೂ ಮುಂದೆ ಹೋದರು. ಈಗಾಗಲೇ ಗೊತ್ತಿರುವ ಪೆಪ್ಟೈಡ್‌ಗಳ ಸರಣಿಗಳಲ್ಲಿ ಯಾವ ಅಮೈನೊ ಆಮ್ಲದ ಪಕ್ಕ ಯಾವುದು ಬರುತ್ತದೆ ಎಂಬ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಹುಡುಕಿ, ಪ್ರಕೃತಿಯಲ್ಲಿ ಇಲ್ಲದ ಹೊಸ ಪೆಪ್ಟೈಡೊಂದನ್ನು ರಚಿಸಿದರು. ಒಮೆಗಾ 76 ಎಂದು ಅದರ ಹೆಸರು. ಆಸ್ಪತ್ರೆಗಳಲ್ಲಿ ಹಲವು ಔಷಧಿಗಳಿಗೆ ಬಗ್ಗದ ಅಸಿನೆಟೊಬ್ಯಾಕ್ಟರ್ ಸೋಂಕು ತಗುಲಿದ ಇಲಿಗಳನ್ನು ಅದು ಉಳಿಸಿತು. ಇದು ಮೊಡವೆಗೆಂದು ಮಾಡಿದ್ದಲ್ಲ. ಮೊಡವೆಯ ಪೆಪ್ಟೈಡ್ ಮುಂದೊಂದು ದಿನ ಬರುವುದಾದರೆ ಬರುವ ದಾರಿ ಇದೇ: ಪ್ರಾಣಿಗಳಿಂದ ವ್ಯಾಕರಣ ಕಲಿತು, ವಾಕ್ಯವನ್ನು ನಾವೇ ಬರೆಯುವುದು. ಎಣ್ಣೆಯಲ್ಲಿ ಉಳಿಯುವಂತೆ, ಕಿಣ್ವಕ್ಕೆ ಸಿಗದಂತೆ, ರಕ್ತಕಣಕ್ಕೆ ತಾಗದಂತೆ, ಹತ್ತು ಹನ್ನೆರಡು ಅಮೈನೊ ಆಮ್ಲಗಳಷ್ಟು ಗಿಡ್ಡವಾಗಿ.

ಕಲಿಯಬೇಕಾದರೆ ಪುಸ್ತಕ ಉಳಿದಿರಬೇಕು. ಒಂದೊಂದು ಜಾತಿಯ ಕಪ್ಪೆಯೂ ತನ್ನದೇ ಪೆಪ್ಟೈಡ್‌ಗಳ ಗುಂಪನ್ನು ಮೈಯಲ್ಲಿಟ್ಟುಕೊಂಡಿದೆ. ಒಂದು ಕಾಲದಲ್ಲಿ ಭಾರತ ಕಪ್ಪೆಯ ಕಾಲುಗಳನ್ನು ವಿದೇಶಕ್ಕೆ ರಫ್ತು ಮಾಡುತ್ತಿತ್ತು. 1987ರಲ್ಲಿ ಅದನ್ನು ನಿಷೇಧಿಸಿದರು. ಈಗಿನ ಅಪಾಯ ಬಲೆ ಹಿಡಿದವನಿಂದಲ್ಲ, ಮುಚ್ಚಿಹೋಗುವ ಹಳ್ಳ, ಬತ್ತುವ ಜೌಗು, ಸೀಳಿಹೋಗುವ ಕಾಡಿನಿಂದ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿ ಸಂಸ್ಥೆಯೊಂದು ನಮ್ಮ ಜೀವಿಗಳಿಂದ ಸಂಶೋಧನೆ ಮಾಡಬೇಕಾದರೆ ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಪಡೆಯಬೇಕು, ಲಾಭ ಬಂದರೆ ಪಾಲು ಕೊಡಬೇಕು. ಕಾಗದದ ಮೇಲಿನ ಈ ಹಕ್ಕಿಗೆ ಬೆಲೆ ಬರುವುದು ಕಪ್ಪೆ ಬದುಕಿದ್ದರೆ ಮಾತ್ರ.

ಅಲ್ಲಿಯವರೆಗೆ ಕೆನ್ನೆಯ ಮೇಲಿನ ಮೊಡವೆಗೆ ಏನು ಮಾಡಬೇಕು? ಕಾಯಿಲೆಯ ನಾಲ್ಕು ಕಾಲನ್ನೂ ಹಿಡಿಯುವ ಔಷಧಿಗಳು ಈಗಾಗಲೇ ಇವೆ. ಬಿರಡೆ ಬಿಡಿಸಲು ಅಡಾಪಲಿನ್, ಬ್ಯಾಕ್ಟೀರಿಯಾಕ್ಕೆ ಬೆನ್ಜಾಯಿಲ್ ಪೆರಾಕ್ಸೈಡ್, ಹಟಮಾರಿ ಮೊಡವೆಗೆ ಡಾಕ್ಟರ ಕಣ್ಗಾವಲಿನಲ್ಲಿ ಐಸೊಟ್ರೆಟಿನೊಯಿನ್. ಆ್ಯಂಟಿಬಯೋಟಿಕ್ ಮುಲಾಮನ್ನು ಒಂಟಿಯಾಗಿ ತಿಂಗಳುಗಟ್ಟಲೆ ಹಚ್ಚುವುದು ಬೇಡ. ಸ್ಟೀರಾಯ್ಡ್ ಬೆರೆತ ಕ್ರೀಮು ಬೇಡವೇ ಬೇಡ. ಅದು ಎರಡು ದಿನ ಮುಖ ಬೆಳಗಿಸಿ ಆಮೇಲೆ ಚರ್ಮವನ್ನೇ ತೆಳ್ಳಗೆ ಮಾಡಿ, ಹೊಸ ಮೊಡವೆ ಎಬ್ಬಿಸುತ್ತದೆ. ಅಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರ ಮಾರ್ಚಿನಲ್ಲೇ ಆದೇಶ ಹೊರಡಿಸಿದೆ. ಕೌಂಟರಿನಲ್ಲಿ ಸುಲಭವಾಗಿ ಸಿಕ್ಕಿತೆಂದು ಕೊಳ್ಳಬೇಡಿ. ಯಾವ ಸರಿಯಾದ ಚಿಕಿತ್ಸೆಗೂ ಎಂಟು ಹನ್ನೆರಡು ವಾರ ಬೇಕು. ಎರಡನೇ ವಾರಕ್ಕೇ ಟ್ಯೂಬು ಎಸೆದು ಹೊಸ ಬಾಟಲಿ ಕೊಳ್ಳುವವರ ದುಡ್ಡಿನಿಂದಲೇ ಲೋಳೆಯ ವ್ಯಾಪಾರ ನಡೆಯುತ್ತಿರುವುದು.